ನೀರಿಗಿಳಿಯುವ ಯಂತ್ರವೂ ನಮ್ಮ ತರುಣರೂ

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆಯ ತರಗತಿಗೆ ಓಡುವ ಹುಡುಗನೊಬ್ಬನು ಬುಧವಾರ ಪೇಟೆಯ ತಾಪಕೀರ ಗಲ್ಲಿಯಲ್ಲಿ ಸಣ್ಣ ಮೋಟಾರು, ತಂತಿ, ಕ್ಯಾಮೆರಾಗಳನ್ನು ಕೊಳ್ಳುತ್ತಿದ್ದರೆ, "ಊರಿಗೆ ಕಳಿಸಬೇಕಾದ ಹಣವನ್ನು ಆಟಿಕೆಗೆ ಸುರಿಯುತ್ತಿದ್ದಾನೆ" ಎನ್ನುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವನು ಕಟ್ಟಹೊರಟಿರುವುದು ನೀರೊಳಗಿಳಿದು, ದಡದಲ್ಲಿ ಕುಳಿತವನ ಆಜ್ಞೆಯಂತೆ ಚಲಿಸಿ, ತಳದಲ್ಲಿರುವುದನ್ನು ತೋರಿಸುವ ಯಂತ್ರವಾದರೆ, ಅದನ್ನು ಆಟಿಕೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಕರಾವಳಿಯಿಂದ ಬಂದ ನಮ್ಮ ವಾಚಕರು ಶಿರೂರನ್ನು ಮರೆತಿರಲಾರರು. ೨೦೨೪ನೆಯ ಜುಲೈ ೧೬ರಂದು ಅಂಕೋಲಾ ತಾಲೂಕಿನ ಆ ಸ್ಥಳದಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆಯ ಬದಿಯಲ್ಲಿ ಚಹದ ಹೋಟೆಲು ನಡೆಸಿಕೊಂಡಿದ್ದ ಕುಟುಂಬವೊಂದು ಮಣ್ಣುಪಾಲು, ನೀರುಪಾಲಾಯಿತು. ನಮ್ಮ ವೃತ್ತಿಯವರದೇ ಮನೆ ಅದು. ಕೇರಳದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿಯ ತಳ ಸೇರಿತು. ಅದನ್ನು ಹುಡುಕಲು ಮಲ್ಪೆಯ ಮುಳುಗುಗಾರ ಈಶ್ವರ ಮಲ್ಪೆಯವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಳೆಗಾಲದ ಆ ನದಿಗೆ ಇಳಿದರು. ಹಗ್ಗ ಹರಿದು ಸೆಳವಿಗೆ ಸಿಕ್ಕಿದ ಅವರನ್ನು ನೌಕಾದಳದವರು ಮೇಲೆತ್ತಬೇಕಾಯಿತು. ಲಾರಿ ದೊರೆತದ್ದು ೭೧ ದಿನಗಳ ನಂತರ, ಸೆಪ್ಟೆಂಬರ್ ೨೫ರಂದು, ಗೋವೆಯಿಂದ ಹೂಳೆತ್ತುವ ಹಡಗು ಬಂದ ಮೇಲೆ. ತಳದಲ್ಲಿ ಏನಿದೆಯೆಂದು ತಿಳಿಯದ ನೀರಿಗೆ ಮೊದಲು ಇಳಿಯಬೇಕಾದದ್ದು ಮನುಷ್ಯನೋ ಯಂತ್ರವೋ ಎಂಬುದೇ ಇಲ್ಲಿರುವ ಪ್ರಶ್ನೆ.

ಮನೆಯಲ್ಲಿ ಕಟ್ಟಿದ ಯಂತ್ರವು ಆ ದಿನ ಗಂಗಾವಳಿಯಲ್ಲಿ ನಿಲ್ಲುತ್ತಿತ್ತೇ? ಇಲ್ಲವೆಂದೇ ಹೇಳಬೇಕು. ಅಂಥ ಸೆಳವು ಅದನ್ನು ಎಲೆಯಂತೆ ಒಯ್ಯುತ್ತಿತ್ತು. ಕೆಂಪು ನೀರಿನಲ್ಲಿ ದೀಪ ಹಚ್ಚಿದರೆ ಬೆಳಕು ಮಣ್ಣಿನ ಕಣಗಳಿಗೆ ತಾಗಿ ಹಿಂದಿರುಗುವುದರಿಂದ ಕ್ಯಾಮೆರಾಕ್ಕೆ ಮಂಜಿನ ಹೊರತು ಬೇರೇನೂ ಕಾಣದು. ಅಲ್ಲಿ ಶಬ್ದದ ಅಲೆಯಿಂದ ನೋಡುವ ಸೋನಾರ್ ಬೇಕು, ಅದು ದುಬಾರಿ. ಆದರೆ ನಮ್ಮವರು ಮುಳುಗುವುದು ಪ್ರವಾಹದ ನದಿಯಲ್ಲಿ ಮಾತ್ರವಲ್ಲ. ಬಾವಿ, ಕಲ್ಲುಕೋರೆಯ ಹೊಂಡ, ಕೆರೆ, ಪುಷ್ಕರಿಣಿ, ಹಿನ್ನೀರು ಇವೆಲ್ಲ ನಿಂತ ನೀರು. ಇಲ್ಲಿ ಸಣ್ಣ ಯಂತ್ರವೂ ಮನುಷ್ಯನಿಗಿಂತ ಮೊದಲು ಇಳಿದು ನೋಡಬಲ್ಲುದು.

ಇಂಥ ಯಂತ್ರದ ಜೀವವು ಮೋಟಾರಿನಲ್ಲಿಲ್ಲ, ಅದರ ವಿದ್ಯುತ್ತಿನಲ್ಲಿಯೂ ನಿಯಂತ್ರಣದಲ್ಲಿಯೂ ಇದೆ. ಮೊಬೈಲು, ವೈಫೈಗಳ ಅಲೆ ನೀರಿನಲ್ಲಿ ಕೆಲವು ಮೊಳ ಹೋಗುವಷ್ಟರಲ್ಲಿ ಕ್ಷೀಣಿಸುವುದು. ಆದುದರಿಂದ ಯಂತ್ರಕ್ಕೂ ದಡಕ್ಕೂ ನಡುವೆ ತಂತಿ ಬೇಕೇ ಬೇಕು. ಕಂಪ್ಯೂಟರುಗಳನ್ನು ಜೋಡಿಸುವ, ಜೋಡಿ ಜೋಡಿಯಾಗಿ ಹೆಣೆದ ಎಂಟು ಎಳೆಗಳ ತಂತಿಯು ಚಿತ್ರವನ್ನೂ ಆಜ್ಞೆಯನ್ನೂ ೧೦೦ ಮೀಟರಿನವರೆಗೆ ಒಯ್ಯುವುದು. ತೊಡಕು ಬರುವುದು ಶಕ್ತಿಯನ್ನು ಒಯ್ಯುವಲ್ಲಿ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ೩೦ ಮೀಟರು ಇಳಿಬಿಟ್ಟರೆ, ಹೋಗಿಬರುವ ದಾರಿ ೬೦ ಮೀಟರಾಗಿ, ಸುಮಾರು ಒಂದು ಓಮ್ ತಡೆ ಒಡ್ಡುವುದು. ೧೨ ವೋಲ್ಟಿನ ಬ್ಯಾಟರಿಯಿಂದ ೫ ಆಂಪಿಯರು ಎಳೆದರೆ ದಾರಿಯಲ್ಲಿಯೇ ೫ ವೋಲ್ಟು ಕಳೆದು ಯಂತ್ರಕ್ಕೆ ಉಳಿಯುವುದು ೭. ನಮ್ಮ ಗುಮಾಸ್ತ ಮಿತ್ರರು ಈ ಜಮಾಖರ್ಚನ್ನು ಒಮ್ಮೆಗೇ ಹಿಡಿದಾರು. ಅದೇ ೬೦ ವಾಟನ್ನು ೪೮ ವೋಲ್ಟಿನಲ್ಲಿ ಕಳಿಸಿದರೆ ಹರಿಯುವುದು ಒಂದೂಕಾಲು ಆಂಪಿಯರು, ಸೋರುವುದು ಒಂದೂಕಾಲು ವೋಲ್ಟು ಮಾತ್ರ. ಕೆಳಗೆ ಇಳಿಸುವ ಸಾಧನವೊಂದನ್ನು ಇಟ್ಟರಾಯಿತು. ಇಷ್ಟನ್ನು ಲೆಕ್ಕಿಸದೆ ದೊಡ್ಡ ಮೋಟಾರು ಕೊಂಡವನ ಯಂತ್ರವು ಬಕೆಟಿನಲ್ಲಿ ಓಡಿ ಬಾವಿಯಲ್ಲಿ ನಿಂತುಬಿಡುವುದು.

ಇನ್ನು ನಿಯಂತ್ರಣ. ದೋಸೆ ಹುಯ್ಯುವವನು ಕಾವಲಿಗೆ ನೀರು ಚಿಮುಕಿಸಿ, ಅದರ ಸದ್ದು ಕೇಳಿ, ಉರಿಯನ್ನು ಏರಿಸುವನು ಇಲ್ಲವೆ ತಗ್ಗಿಸುವನು. ಕಾವು ಬಹಳ ಕಡಿಮೆಯಿದ್ದರೆ ಬಹಳ ಉರಿ, ಕೊಂಚ ಕಡಿಮೆಯಿದ್ದರೆ ಕೊಂಚ. ಎಷ್ಟು ಹೊತ್ತಾದರೂ ಕಾವು ಸಾಲದಿದ್ದರೆ ಇನ್ನಷ್ಟು. ಥಟ್ಟನೆ ಏರುತ್ತಿದ್ದರೆ ಮೊದಲೇ ತಗ್ಗಿಸುವನು, ದೋಸೆ ಸೀಯುವವರೆಗೆ ಕಾಯಲಾರ. ನೀರೊಳಗೆ ಒಂದೇ ಆಳದಲ್ಲಿ ನಿಲ್ಲಬೇಕಾದ ಯಂತ್ರವು ಮಾಡುವುದೂ ಈ ಮೂರನ್ನೇ. ಪ್ರತಿ ೧೦ ಮೀಟರಿಗೆ ನೀರಿನ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಏರುವುದರಿಂದ, ಒತ್ತಡವನ್ನು ಅಳೆದು ಆಳವನ್ನು ತಿಳಿದು, ಮೋಟಾರನ್ನು ಹೆಚ್ಚು ಕಡಿಮೆ ಮಾಡುತ್ತಿರುವುದು. ಈ ಕೆಲಸಕ್ಕೆ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ದೊರೆಯುತ್ತದೆ. ಆರ್ಡುಸಬ್ ಎಂಬ ನಿಯಂತ್ರಣ ಕ್ರಮವನ್ನು ಬೆಲೆ ತೆರದೆ ಯಾರೂ ಪಡೆದು ತಿದ್ದಿಕೊಳ್ಳಬಹುದು. ಕಾವಲಿಯ ಮುಂದೆ ನಿಂತ ಕೈಗೆ ಇದು ಅರ್ಥವಾಗದ ವಿದ್ಯೆಯೆಂದು ನಮಗೆ ತೋರುವುದಿಲ್ಲ.

ಕ್ಯಾಮೆರಾಕ್ಕೆ ಹಣ ಸುರಿದು ಫ್ಯೂಸು ಮರೆಯುವ ತರುಣರಿಗೂ ಒಂದು ಮಾತು. ಮನೆಯ ೨೩೦ ವೋಲ್ಟು ನೀರಿನ ಹತ್ತಿರ ಸುಳಿಯಕೂಡದು, ಬ್ಯಾಟರಿಯೇ ಇರಲಿ. ಫ್ಯೂಸು ದಡದ ಕಡೆಯಲ್ಲಿ, ಬ್ಯಾಟರಿಯ ಮಗ್ಗುಲಲ್ಲಿಯೇ ಇರಲಿ. ಡಬ್ಬಿಯ ತಳದಲ್ಲಿ ಬರಿಯ ತಂತಿಯ ಎರಡು ತುದಿಗಳನ್ನಿಟ್ಟರೆ, ಒಳಗೆ ಹನಿ ನೀರು ಜಿನುಗಿದೊಡನೆ ಅದು ಸುದ್ದಿ ಕೊಡುವುದು. ದಡದಿಂದ ಆಜ್ಞೆ ನಿಂತರೆ ಮೋಟಾರೂ ನಿಲ್ಲುವಂತೆ, ನಿಂತ ಯಂತ್ರವು ತಾನಾಗಿ ಮೇಲೇಳುವಷ್ಟು ಹಗುರಾಗಿರುವಂತೆ ಮೊದಲೇ ಏರ್ಪಡಿಸಬೇಕು. ಇಲ್ಲವಾದರೆ ಸಿಕ್ಕಿಕೊಂಡ ಯಂತ್ರವನ್ನು ಬಿಡಿಸಲು ಮತ್ತೊಬ್ಬ ಮನುಷ್ಯನೇ ಮುಳುಗಬೇಕಾಗುವುದು. ಆಗ ಪಟ್ಟ ಶ್ರಮದ ಅರ್ಥವೇನು?

ಚೆನ್ನೈಯ ಪ್ಲಾನಿಸ್, ಕೊಚ್ಚಿಯ ಐರೋವ್ ಸಂಸ್ಥೆಗಳು ಇಂಥ ಯಂತ್ರಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುತ್ತಿವೆ. ಪುಣೆಯೇನೂ ಹಿಂದುಳಿಯಬೇಕಾದ ಊರಲ್ಲ. ೧೯೧೬ರಲ್ಲಿ ಆರಂಭವಾದ ಕೇಂದ್ರ ಜಲ ಸಂಶೋಧನಾಲಯವು ಇಲ್ಲಿಯ ಖಡಕವಾಸಲಾದಲ್ಲಿಯೇ ಇದೆ. ನಮ್ಮ ಸಂಘಗಳು ರಾಜ್ಯೋತ್ಸವದಂದು ಹಾರ, ಶಾಲು, ಫಲಕಗಳಿಗೆ ವ್ಯಯಿಸುವುದರಲ್ಲಿ ಒಂದು ಪಾಲನ್ನು ಇಬ್ಬರು ಮೂವರು ತರುಣರ ಬಿಡಿಭಾಗಗಳಿಗೆ ಸಾಲವಾಗಿ ಕೊಡಲಿ. ಬಾವಿಯುಳ್ಳ ಯಜಮಾನರು ವಾರದ ರಜೆಯಂದು ಅದನ್ನು ಬಿಟ್ಟುಕೊಡಲಿ. (ಕುಡಿಯುವ ನೀರಿನ ಟಾಂಕಿ ಮಾತ್ರ ಬೇಡ, ಗಿರಾಕಿಗಳು ಕಂಡರೆ ಕಷ್ಟ.) ಹಣ ಕೊಡುವ ಮುನ್ನ ಸಂಘದ ಹಿರಿಯರು ಒಂದು ಪರೀಕ್ಷೆ ಮಾಡಲಿ. ಯಂತ್ರವು ನೀರಿನಲ್ಲಿರುವಾಗ ದಡದ ತಂತಿಯನ್ನು ಕಿತ್ತುಬಿಡಲಿ. ಅದು ತಾನಾಗಿ ತೇಲಿ ಬಂದರೆ ಹಣ ಕೊಡಲಿ. ಬಾರದಿದ್ದರೆ, "ಸರಿಪಡಿಸಿಕೊಂಡು ಮುಂದಿನ ತಿಂಗಳು ಬಾ, ತಮ್ಮ" ಎಂದು ಕಳಿಸಲಿ.