ದೂರದ ಮಗುವೂ ನಮ್ಮ ಹೊಲದ ಬಾವಿಯೂ

ದೂರದ ಊರಿನಲ್ಲಿ ಒಂದು ಜೀವ ಅಪಾಯಕ್ಕೆ ಸಿಲುಕಿದಾಗ, ಅದು ಉಳಿಯಲೆಂದು ಹಂಬಲಿಸುವುದರ ಹೊರತು ನೋಡುವವರಿಂದ ಆಗುವುದೇನು? 2024ರ ಏಪ್ರಿಲ್ 3ರ ಸಂಜೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಎಳೆಯ ಮಗುವೊಂದು ತೆರೆದ ಕೊಳವೆ ಬಾವಿಗೆ ಬಿದ್ದಿತು. ಚಿತ್ರದುರ್ಗಕ್ಕೂ ಆ ಊರಿಗೂ ನಡುವೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆದರೂ ದೂರದರ್ಶನದ ತೆರೆಯ ಮುಂದೆ ಕುಳಿತವರಿಗೆಲ್ಲ ಅದು ನೆರೆಮನೆಯ ಕೂಸೇ ಆಯಿತು. ಸುಮಾರು 20 ಗಂಟೆಗಳ ತರುವಾಯ, ಮರುದಿನ ಮಧ್ಯಾಹ್ನ, ಮಗು ಜೀವಸಹಿತ ಮೇಲೆ ಬಂದಿತು.

ಆ 20 ಗಂಟೆಗಳ ಕಾಲ ನಮ್ಮ ಭರವಸೆಯನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಬಾವಿಯೊಳಕ್ಕೆ ಇಳಿಬಿಟ್ಟ ಕ್ಯಾಮರಾದಲ್ಲಿ ತಲೆಕೆಳಗಾಗಿ ಸಿಲುಕಿದ್ದ ಮಗುವಿನ ಕಾಲುಗಳು ಅಲುಗಿದ್ದು ಕಂಡಿತು. ಒಂದು ಕೊಳವೆಯ ಮೂಲಕ ಆಮ್ಲಜನಕ ಕೆಳಗಿಳಿಯಿತು. ಮೇಲಿನಿಂದ ಎಳೆಯಹೋದರೆ ಮಗು ಇನ್ನಷ್ಟು ಆಳಕ್ಕೆ ಜಾರಬಹುದು. ಬಾವಿಯ ಬಾಯಿಯನ್ನೇ ಅಗೆದರೆ ಮಣ್ಣು ಕುಸಿಯಬಹುದು. ಆದುದರಿಂದಲೇ ಪಕ್ಕದಲ್ಲಿ ಬೇರೊಂದು ಗುಂಡಿಯನ್ನು ತೋಡಿ, ಅದರ ತಳದಿಂದ ಅಡ್ಡಲಾಗಿ ಮಗುವಿನತ್ತ ಸಾಗುವುದು ರಕ್ಷಕರ ಕ್ರಮ. ಮೊದಲಿಗೆ ಯಂತ್ರ ತ್ವರೆಯಿಂದ ಅಗೆಯುತ್ತದೆ; ಕೊನೆಯ ಕೆಲವು ಅಡಿಗಳಲ್ಲಿ ಯಂತ್ರದ ಅದುರುವಿಕೆಯೇ ಅಪಾಯವಾಗುವುದರಿಂದ ಮನುಷ್ಯನ ಕೈ ಮೆಲ್ಲಮೆಲ್ಲನೆ ಕೆಲಸ ಮಾಡಬೇಕಾಗುತ್ತದೆ. ನೋಡುವವರಿಗೆ ವಿಳಂಬವೆಂದು ತೋರುವುದು ವಾಸ್ತವದಲ್ಲಿ ಎಚ್ಚರಿಕೆ.

ಹರಕೆ ಹೊತ್ತವರನ್ನು ನಾವು ಹಳಿಯುವುದಿಲ್ಲ. ಕಾಣದ ಮಗುವಿಗಾಗಿ ಕೈಮುಗಿಯುವ ಮನಸ್ಸು ದೊಡ್ಡದೇ ಸರಿ. ಆದರೆ ಗುಂಡಿಯೊಳಗೆ ಇಳಿದವನ ನಂಬಿಕೆಗೆ ಇನ್ನೊಂದು ಆಧಾರವೂ ಉಂಟು. ಮಣ್ಣಿನ ಗುಣವನ್ನು ಬಲ್ಲೆ, ಅಳತೆ ತಪ್ಪಿಲ್ಲ, ಜೊತೆಗಾರ ಕೈಬಿಡಲಾರ ಎಂಬ ಅರಿವೇ ಆ ಆಧಾರ. ಇಂಥ ನಂಬಿಕೆಯೇ ವಿಜ್ಞಾನದ ನಂಬಿಕೆ.

ಈ ನಂಬಿಕೆ ಸುಳ್ಳು ಸಮಾಧಾನವಾಗಬಾರದು. 2019ರ ಅಕ್ಟೋಬರಿನಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯ ಸಮೀಪದ ನಡುಕಾಟ್ಟುಪಟ್ಟಿಯಲ್ಲಿಯೂ ಪಕ್ಕದ ಗುಂಡಿಯನ್ನು ತೋಡಿದರು. ಗಟ್ಟಿ ಬಂಡೆ ಅಡ್ಡವಾಗಿ ಕೆಲಸ ನಿಧಾನವಾಯಿತು. ನಾಲ್ಕು ದಿನಗಳ ಬಳಿಕ ಮಗುವಿನ ಶವ ಮಾತ್ರ ದೊರೆಯಿತು. ಅಲ್ಲಿ ಶ್ರಮಿಸಿದವರ ಪ್ರಯತ್ನದಲ್ಲಿ ಕೊರತೆಯಿರಲಿಲ್ಲ, ಕಾಲ ಸಾಲದಾಯಿತು.

ಚಿತ್ರದುರ್ಗದ ಸೀಮೆಯೂ ಗಟ್ಟಿ ಬಂಡೆಯ ನಾಡು ಎಂಬುದನ್ನು ನಾವು ಇಲ್ಲಿ ನೆನೆಯಬೇಕು. ಮಳೆ ಅಲ್ಪ, ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಹೊಳಲ್ಕೆರೆಯ ಅಡಿಕೆಯನ್ನೂ ಹೊಸದುರ್ಗದ ತೆಂಗನ್ನೂ ಉಳಿಸಿಕೊಳ್ಳಲು ರೈತನು ಒಂದು ಕಡೆ ಕೊರೆಸುತ್ತಾನೆ. ಬಿರುಕು ಸಿಕ್ಕದಿದ್ದರೆ ಮತ್ತೊಂದು ಕಡೆ. ಹಿರಿಯೂರಿನ ಹೊಲಗಳ ಕಥೆಯೂ ಇದೇ. ಸಾಲದ ಭಾರದಿಂದ, ವಿಫಲವಾದ ಬಾವಿಯ ಕೇಸಿಂಗ್ ಪೈಪನ್ನು ಕಿತ್ತು ಮುಂದಿನದಕ್ಕೆ ಬಳಸುವುದುಂಟು. ಹಾಗೆ ಕಿತ್ತಲ್ಲಿ ಸಡಿಲ ಮಣ್ಣಿನ ನಡುವೆ ಉಳಿಯುವ ಕುಳಿ ದೊಡ್ಡವರ ಕಾಲಿಗೆ ಸಣ್ಣದು. ಮಗುವಿನ ಮೈಗೆ ಸಾಕಷ್ಟು ಅಗಲ.

ಪರಿಹಾರ ಗಹನವಾದುದಲ್ಲ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಅದನ್ನು ವಿಧಿಸಿದೆ. ಕೊರೆಯುವಾಗ ಸುತ್ತ ಬೇಲಿ ಇರಬೇಕು. ಕೇಸಿಂಗ್ ಪೈಪಿನ ಸುತ್ತ ನೆಲದ ಮೇಲೆ 0.3 ಮೀಟರು, ಕೆಳಗೆ 0.3 ಮೀಟರು ಸಿಮೆಂಟಿನ ಕಟ್ಟೆ ಇರಬೇಕು. ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ತಗಡೋ ತಿರುಪು ಬಿಗಿದ ಮುಚ್ಚಳವೋ ಇರಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ರಾತ್ರಿಯಿಡೀ ನೂರಾರು ಜನ ದುಡಿದು ಸಾಧಿಸಬೇಕಾದುದನ್ನು ಒಂದು ಮುಚ್ಚಳ ಸದ್ದಿಲ್ಲದೆ ಸಾಧಿಸಬಲ್ಲದು. ಅದನ್ನು ತೋರಿಸಲು ಯಾವ ಕ್ಯಾಮರಾವೂ ಬರುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ಹೊಲತೋಟಗಳಲ್ಲಿ ಬಾಯಿ ತೆರೆದ ಕೊಳವೆ ಬಾವಿಗಳೆಷ್ಟಿವೆ ಎಂಬುದನ್ನು ಹಿರಿಯರೊಡನೆ ತಿರುಗಿ ಎಣಿಸಿರಿ, ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿರಿ, ಮುಚ್ಚುವವರೆಗೆ ಕೇಳುತ್ತಿರಿ. ಲಚ್ಯಾಣದ ಮಗುವಿಗಾಗಿ ಮಿಡಿದ ಹೃದಯಕ್ಕೆ ಹತ್ತಿರದಲ್ಲಿಯೇ ಮಾಡಲು ಕೆಲಸವಿದೆ.