ಗಣಕದ ದೂರನ್ನು ಮೊದಲು ಓದೋಣ



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದಿನಿಂದ ನಿಮ್ಮಲ್ಲಿ ಹಲವರು ಕೇಳುತ್ತಿರುವ ಪ್ರಶ್ನೆ ಒಂದೇ: "ಸರ್, ಮನೆಯಲ್ಲಿರುವ ಹಳೆಯ ಗಣಕಯಂತ್ರವನ್ನು ಏನು ಮಾಡೋಣ?" ಲಿನಕ್ಸ್ ಹಾಕಿಸಿರಿ, ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ ಎಂದು ಹೇಳುತ್ತ ಬಂದಿದ್ದೇನೆ. ಹಾಗೆ ಹಾಕಿಸಿದವರಲ್ಲಿ ಕೆಲವರು ತಿಂಗಳೊಳಗೆ ಮತ್ತೆ ಕರೆಮಾಡುತ್ತಾರೆ. ತೆರೆ ಸ್ತಬ್ಧವಾಗುತ್ತದೆಯಂತೆ, ಕಿಟಕಿಗಳು ತಾವಾಗಿಯೇ ಮುಚ್ಚುತ್ತವೆಯಂತೆ, ಏನೋ ಇಂಗ್ಲಿಷ್ ಸಂದೇಶ ಬಂದು ಹೋಗುತ್ತದೆಯಂತೆ. "ಅದರಲ್ಲಿ ಏನೆಂದು ಬರೆದಿತ್ತು?" ಎಂದು ಕೇಳಿದರೆ ಉತ್ತರವಿಲ್ಲ. ಓದುವ ಮೊದಲೇ ಅದನ್ನು ಮುಚ್ಚಿರುತ್ತಾರೆ.

ದೋಷಸಂದೇಶವನ್ನು ಓದಿ ಅರ್ಥಮಾಡಿಕೊಳ್ಳುವುದು ಒಂದು ವಿದ್ಯೆ. ಅದನ್ನು ಪ್ರೌಢಶಾಲೆಯಲ್ಲಿಯೇ ಕಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಿಲ್ಲದ್ದರಿಂದಲೇ ದುಡಿಯಬಲ್ಲ ಯಂತ್ರಗಳು ಗುಜರಿಗೆ ಹೋಗುತ್ತಿವೆ, ಬಡವರ ಹಣ ವ್ಯರ್ಥವಾಗುತ್ತಿದೆ.

ನಮ್ಮ ಮರೋಳದ ರೈತನಿಗೆ ಈ ವಿದ್ಯೆ ಹೊಸದಲ್ಲ. ರಾಮಥಾಳ-ಮರೋಳ ಏತ ನೀರಾವರಿಯ ಎರಡನೆಯ ಹಂತದಲ್ಲಿ 24,000 ಹೆಕ್ಟೇರ್ ಭೂಮಿಗೆ ಹನಿ ನೀರಾವರಿಯನ್ನು ಯೋಜಿಸಿದ ಸೀಮೆ ಇದು. ಪೈರು ಬಾಡಿದರೆ ರೈತನು ಹೊಲವನ್ನೇ ಮಾರಲು ಹೊರಡುವುದಿಲ್ಲ. ಮೂಲದಲ್ಲಿ ನೀರಿದೆಯೇ, ವಾಲ್ವ್ ತೆರೆದಿದೆಯೇ, ಪೈಪಿನಲ್ಲಿ ಹೂಳು ಕಟ್ಟಿದೆಯೇ ಎಂದು ಕ್ರಮವಾಗಿ ನೋಡುತ್ತಾನೆ. ಗಣಕದ ಮುಂದೆ ಕುಳಿತಾಗಲೂ ಇದೇ ಕ್ರಮ ಬೇಕು.

ಮೊದಲನೆಯದು ಸ್ಮೃತಿ, ಅಂದರೆ ರ್ಯಾಮ್. ಲಿನಕ್ಸ್‌ನಲ್ಲಿ ‘ಫ್ರೀ’ ಎಂಬ ಆದೇಶವನ್ನು ಕೊಟ್ಟರೆ ಸ್ಮೃತಿಯ ಲೆಕ್ಕ ಬರುತ್ತದೆ. ಅದರಲ್ಲಿ ‘ಫ್ರೀ’ ಎಂಬ ಅಂಕಣ ಚಿಕ್ಕದಾಗಿರುವುದನ್ನು ಕಂಡು ಅನೇಕರು ಗಾಬರಿಗೊಳ್ಳುತ್ತಾರೆ. ನೋಡಬೇಕಾದದ್ದು ‘ಅವೈಲಬಲ್’ ಎಂಬ ಅಂಕಣವನ್ನು. ಖಾಲಿ ಇರುವ ಸ್ಮೃತಿಯನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಓದಿದ ಕಡತಗಳನ್ನು ಅಲ್ಲಿ ಇರಿಸಿಕೊಂಡಿರುತ್ತದೆ, ಬೇರೆ ಕೆಲಸಕ್ಕೆ ಬೇಕಾದಾಗ ತೆರವು ಮಾಡಿಕೊಡುತ್ತದೆ. ನಿಜವಾಗಿಯೂ ಸ್ಥಳ ಮುಗಿದಾಗ ಸ್ವಾಪ್ ಎಂಬ ಡಿಸ್ಕ್‌ನ ಭಾಗವನ್ನು ಬಳಸುತ್ತದೆ. ಅದು ನಿಧಾನವಾದ್ದರಿಂದ ತೆರೆ ಸ್ತಬ್ಧವಾದಂತೆ ಕಾಣುತ್ತದೆ. ಅದೂ ತುಂಬಿದರೆ ವ್ಯವಸ್ಥೆಯ ತಿರುಳಾದ ಕರ್ನೆಲ್, ಸಾಮಾನ್ಯವಾಗಿ ಅತಿ ಹೆಚ್ಚು ಸ್ಮೃತಿ ನುಂಗಿದ ತಂತ್ರಾಂಶವನ್ನು ಆರಿಸಿ ಕೊನೆಗಾಣಿಸುತ್ತದೆ. ಕಿಟಕಿ ‘ತಾನಾಗಿಯೇ’ ಮುಚ್ಚುವುದು ಹೀಗೆ. ಕರ್ನೆಲ್ ಇದನ್ನು ಗುಟ್ಟಾಗಿ ಮಾಡುವುದಿಲ್ಲ; ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್’ ಎಂದು ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ‘ಡಿಮೆಸ್ಜ್’ ಎಂಬ ಆದೇಶದಿಂದ ಅದನ್ನು ಓದಬಹುದು.

ಎರಡನೆಯದು ಚಿತ್ರ. ಗಣಿತದ ಮೇಷ್ಟರಾಗಿದ್ದವನು ಲೆಕ್ಕ ಮಾಡದೆ ಮುಂದುವರಿಯಲಾರೆ. ತೆರೆಯ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿದ್ದರೆ ಒಟ್ಟು 20,73,600 ಬಿಂದುಗಳಾದವು. ಬಿಂದುವಿಗೆ 4 ಬೈಟ್‌ನಂತೆ 82,94,400 ಬೈಟ್, ಅಂದರೆ ಸುಮಾರು 8 ಎಂಬಿ. ತೆರೆದಿಟ್ಟ ಪ್ರತಿಯೊಂದು ಕಿಟಕಿಗೂ ಅದರ ಗಾತ್ರಕ್ಕೆ ತಕ್ಕಷ್ಟು ಇಂಥ ಜಾಗ ಬೇಕು. 6000 ಮತ್ತು 4000 ಬಿಂದುಗಳ ಛಾಯಾಚಿತ್ರವು ಡಿಸ್ಕ್‌ನಲ್ಲಿ ಕೆಲವೇ ಎಂಬಿ ಇರಬಹುದು. ಬಿಚ್ಚಿದಾಗ 96 ಎಂಬಿ ಆಗುತ್ತದೆ. ಮದುವೆಯ ಇಂಥ 20 ಚಿತ್ರಗಳನ್ನು ಒಮ್ಮೆಗೇ ತೆರೆದರೆ ಸುಮಾರು 2 ಜಿಬಿ! ನಮ್ಮ ಹಳೆಯ ಯಂತ್ರಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದು ಅಪರೂಪ. ಚಿತ್ರಕ್ಕೆ ಬೇಕಾದ ಜಾಗವೂ ಆ 4 ಜಿಬಿ ಸ್ಮೃತಿಯಿಂದಲೇ ಹೋಗಬೇಕು. ಹಾಗಿರುವಾಗ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಂತಹ ಹಗುರವಾದ ಡೆಸ್ಕ್‌ಟಾಪ್ ಆರಿಸಿಕೊಂಡು, ಬ್ರೌಸರಿನ ಟ್ಯಾಬ್‌ಗಳಿಗೆ ಮಿತಿ ಹಾಕಿ, ಸ್ವಾಪ್ ಕಡತವನ್ನು ತುಸು ಹಿಗ್ಗಿಸಿದರೆ ಸಾಮಾನ್ಯ ಕೆಲಸಕ್ಕೆ ಸಾಕಾಗುತ್ತದೆ.

ಮೂರನೆಯದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಲಿನಕ್ಸ್‌ನಲ್ಲಿ ತೆರೆಯನ್ನು ನಿಭಾಯಿಸುವ ಹಳೆಯ ವ್ಯವಸ್ಥೆ ಎಕ್ಸ್, 1984ರಲ್ಲಿ ಅಮೆರಿಕೆಯ ಎಂಐಟಿಯಲ್ಲಿ ಹುಟ್ಟಿದ್ದು. ಈಚಿನ ಲಿನಕ್ಸ್‌ಗಳಲ್ಲಿ ಅದರ ಸ್ಥಾನಕ್ಕೆ ವೇಲ್ಯಾಂಡ್ ಬರುತ್ತಿದೆಯಾದರೂ ಹಳೆಯ ಯಂತ್ರಗಳಲ್ಲಿ ಎಕ್ಸ್ ಇನ್ನೂ ಇದೆ. ‘ಬ್ಯಾಡ್ ಅಲೋಕ್’ ಎಂದು ಬಂದರೆ, ತಂತ್ರಾಂಶ ಕೇಳಿದ ಸಂಪನ್ಮೂಲವನ್ನು ಎಕ್ಸ್ ಕೊಡಲಾಗಲಿಲ್ಲ ಎಂದರ್ಥ. ‘ಮ್ಯಾಕ್ಸಿಮಮ್ ನಂಬರ್ ಆಫ್ ಕ್ಲೈಂಟ್ಸ್ ರೀಚ್ಡ್’ ಎಂದು ಬಂದರೆ ಅರ್ಥವೇ ಬೇರೆ. ಒಮ್ಮೆಗೆ ಇಷ್ಟೇ ಸಂಪರ್ಕಗಳು ಎಂದು ಎಕ್ಸ್‌ಗೆ ಒಂದು ಮಿತಿಯಿದೆ. ಸಾಮಾನ್ಯವಾಗಿ ಅದು 256. ಯಾವುದೋ ತಂತ್ರಾಂಶ ಪಡೆದ ಸಂಪರ್ಕಗಳನ್ನು ಬಿಟ್ಟುಕೊಡದಿದ್ದರೆ ಆ ಮಿತಿ ತುಂಬುತ್ತದೆ. ಎರಡರ ಹೊರಲಕ್ಷಣವೂ ಒಂದೇ: ಹೊಸ ಕಿಟಕಿ ತೆರೆಯುವುದಿಲ್ಲ. ಔಷಧ ಮಾತ್ರ ಬೇರೆ ಬೇರೆ.

ಇಳಕಲ್ಲಿನಲ್ಲಿ ಸೀರೆಯ ಅಂಚಿನ ವಿನ್ಯಾಸ ಬರೆದು ಜೀವಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮದುವೆಯ ಹಂಗಾಮಿನಲ್ಲಿಯೇ ಈ ತೊಂದರೆ ಬಂದಿತು. ದುರಸ್ತಿಯವರು ಸಂದೇಶವನ್ನು ನೋಡದೆಯೇ, ಸ್ಮೃತಿ ಸಾಲದು, ಹೊಸ ಯಂತ್ರ ಕೊಳ್ಳಿರಿ ಎಂದಿದ್ದರು. ಫೋನಿನಲ್ಲಿ ಅವನಿಂದ ಸಂದೇಶವನ್ನು ಅಕ್ಷರಕ್ಷರವಾಗಿ ಓದಿಸಿದೆ. ಅವನ 8 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಡುವಿತ್ತು. ತುಂಬಿದ್ದು ಸಂಪರ್ಕಗಳ ಮಿತಿ. ಮೂಲೆಯಲ್ಲಿ ಸದಾ ತೆರೆದಿರುತ್ತಿದ್ದ ಒಂದು ಪುಟ್ಟ ತಂತ್ರಾಂಶವನ್ನು ನಿಲ್ಲಿಸಿದೊಡನೆ ಕಿಟಕಿಗಳು ತೆರೆದವು. ಎಷ್ಟು ಸ್ಮೃತಿ ತಂದು ಹಾಕಿದ್ದರೂ ಆ ರೋಗ ವಾಸಿಯಾಗುತ್ತಿರಲಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್‌ನ ಬೆಲೆ ಏರಿದ್ದನ್ನು ನೆನೆದರೆ, ಒಂದು ಸಾಲು ಓದಿದ್ದರಿಂದ ಅವನಿಗೆ ಉಳಿದದ್ದೆಷ್ಟು ಎಂಬುದು ತಿಳಿಯುತ್ತದೆ.

"ಇದೆಲ್ಲ ಮೆಕ್ಯಾನಿಕ್ ಕೆಲಸ, ಮಕ್ಕಳಿಗೇಕೆ?" ಎಂದು ಕೆಲವರು ಕೇಳುತ್ತಾರೆ. ಜ್ವರದ ಅಳತೆ ನೋಡುವುದನ್ನು ವೈದ್ಯರಿಗಷ್ಟೇ ಬಿಟ್ಟಿದ್ದೇವೆಯೇ? ಇನ್ನು ಕೆಲವರು, ಮರುಚಾಲನೆ ಮಾಡಿದರೆ ಸರಿಹೋಗುತ್ತದಲ್ಲ ಎನ್ನುತ್ತಾರೆ. ಆ ಹೊತ್ತಿಗೆ ಸರಿಹೋಗುತ್ತದೆ ನಿಜ. ಆದರೆ ಕಾರಣ ತಿಳಿಯದೆ ಉಳಿದ ದೋಷ ಮರುದಿನ ಮತ್ತೆ ಬರುತ್ತದೆ, ಉಳಿಸದ ಕೆಲಸವೂ ಹೋಗಿರುತ್ತದೆ.

ನಮ್ಮ ರಾಜ್ಯಕ್ಕೆ ಈ ದಾರಿ ಅಪರಿಚಿತವಲ್ಲ. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ಉಬುಂಟು, ಜಿಯೋಜೀಬ್ರಾಗಳನ್ನು ಕಲಿತರು. ಗಡಿಯಾಚೆ, 2001ರಲ್ಲಿ ಆರಂಭವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಅದು ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ. ಗ್ನೋಮ್‌ನಂತಹ ಡೆಸ್ಕ್‌ಟಾಪ್‌ನ ಪಟ್ಟಿಗಳನ್ನು ಕನ್ನಡದಲ್ಲಿ ನೋಡಬಹುದು. ಆದರೆ ಕರ್ನೆಲ್‌ನ ಸಂದೇಶಗಳು ಇಂಗ್ಲಿಷಿನಲ್ಲಿಯೇ ಇವೆ. ಎಲ್ಲವೂ ಸರಿಯಿರುವಾಗ ಕನ್ನಡ ಬಲ್ಲ ಗಣಕವು ಕಷ್ಟ ಬಂದಾಗ ಇಂಗ್ಲಿಷಿನಲ್ಲಿ ಕೂಗುತ್ತದೆ. ನಮ್ಮ ಮಗು ಹೆದರಿ ಮುಚ್ಚಿಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಶಾಲೆಯ ಗಣಕಕೋಣೆಯ ಗೋಡೆಗೆ ಹತ್ತು ಸಾಮಾನ್ಯ ದೋಷಸಂದೇಶಗಳನ್ನೂ ಅವುಗಳ ಕನ್ನಡದ ಅರ್ಥವನ್ನೂ ಬರೆದು ಅಂಟಿಸಬೇಕೆಂದು ನನ್ನ ಸೂಚನೆ. ಇದಕ್ಕೆ ಅನುದಾನ ಬೇಡ. ಒಂದು ಡ್ರಾಯಿಂಗ್ ಹಾಳೆ ಸಾಕು.

ಬೆಂಗಳೂರು, ಪುಣೆ, ಪರದೇಶಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಊರಿಗೆ ಬಂದಾಗ ನೀವು ಓದಿದ ಶಾಲೆಗೆ ಹಳೆಯ ಗಣಕವನ್ನು ಕೊಡುವುದು ಒಳ್ಳೆಯದೇ. ಕೊಟ್ಟ ದಿನ ಇನ್ನೊಂದು ಗಂಟೆ ಅಲ್ಲಿಯೇ ಕುಳಿತು, ಅದು ನಿಂತುಹೋದಾಗ ಏನನ್ನು ಓದಬೇಕೆಂಬುದನ್ನು ಮಕ್ಕಳಿಗೆ ಹೇಳಿಕೊಡಿರಿ. ಆ ಒಂದು ಗಂಟೆಯಿಂದ ಯಂತ್ರದ ಆಯುಷ್ಯ ಹೆಚ್ಚುತ್ತದೆ, ಮಕ್ಕಳ ಧೈರ್ಯವೂ ಹೆಚ್ಚುತ್ತದೆ.