ಆಹಾರವಿಜ್ಞಾನವೂ ಅಡಿಗೆಮನೆಯೂ

ಬೀದರ್ ಜಿಲ್ಲೆಯ ಕೊಡಂಬಲವೇ ಮೊದಲಾದ ಗ್ರಾಮಗಳಲ್ಲಿ ಮಗಳೊಬ್ಬಳು ಆಹಾರವಿಜ್ಞಾನವನ್ನು ಓದಲು ವಿಶ್ವವಿದ್ಯಾನಿಲಯಕ್ಕೆ ಹೊರಟು ನಿಂತರೆ, ಮನೆಯ ಹಿರಿಯರು ಆಡುವ ಮೊದಲ ಮಾತು ಇದು: “ಅಡಿಗಿ ಕಲೀಲಿಕ್ಕೆ ಅಷ್ಟು ದೂರ ಯಾಕ ಹೋಗಬೇಕು? ಅವ್ವ ಕಲಿಸ್ತಾಳಲ್ಲ!” ಹೊರಟವನು ಮಗನಾದರೆ ನಗೆ ಇನ್ನೂ ಹೆಚ್ಚು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಎಳೆಯ ಜೀವವೊಂದರ ಹಲವು ವರ್ಷಗಳೂ ಸಂಸಾರವೊಂದು ಬೆವರಿಳಿಸಿ ಕೂಡಿಟ್ಟ ಹಣವೂ ಇದರ ಉತ್ತರವನ್ನು ಅವಲಂಬಿಸಿವೆ.

ಅನ್ನದ ವಿಚಾರವನ್ನು ಶಾಸ್ತ್ರವೆಂದು ಗಣಿಸುವುದು ಈ ನಾಡಿಗೆ ಹೊಸದಲ್ಲ. ಕೊಡಂಬಲದ ಸೀಮೆಯಲ್ಲಿಯೇ ಇರುವ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನಭೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕನ್ನಡದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದನು. ಆದರೆ ಇಂತಹ ಗ್ರಂಥಗಳು ಮುಖ್ಯವಾಗಿ ಹೇಗೆ ಮಾಡಬೇಕೆಂಬುದನ್ನು ತಿಳಿಸುತ್ತವೆ. ಏಕೆ ಹಾಗಾಗುತ್ತದೆಂಬುದನ್ನು ಅರಸುವುದು ಇಂದಿನ ಆಹಾರವಿಜ್ಞಾನ. ತಾಯಿಯು ಕಲಿಸುವುದು ಮೊದಲನೆಯದು, ವಿಶ್ವವಿದ್ಯಾನಿಲಯವು ಕಲಿಸುವುದು ಎರಡನೆಯದು. ಒಂದು ಇನ್ನೊಂದಕ್ಕೆ ವಿರೋಧಿಯಲ್ಲ.

ಜೋಳದ ರೊಟ್ಟಿಯನ್ನೇ ನೋಡಿರಿ. ಗೋಧಿಯ ಹಿಟ್ಟನ್ನು ತಣ್ಣೀರಿನಲ್ಲಿ ನಾದಬಹುದು, ಜೋಳದ ಹಿಟ್ಟಿಗೆ ಮಾತ್ರ ಕುದಿನೀರು ಬೇಕು. ಇದು ನಮ್ಮ ಗೃಹಿಣಿಯರೆಲ್ಲರೂ ಬಲ್ಲ ಸಂಗತಿ. ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟು ಉಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಕುದಿನೀರು ತಗುಲಿದಾಗ ಜೋಳದ ಪಿಷ್ಟವು ಉಬ್ಬಿ ಜಿಗಿಯಾಗುತ್ತದೆ. ರೊಟ್ಟಿಯು ಹರಿಯದೆ ನಿಲ್ಲುವುದು ಆ ಜಿಗಿಯಿಂದ. ಕೈಯು ಬಲ್ಲುದನ್ನು ಬುದ್ಧಿಯೂ ಬಲ್ಲುದಾದರೆ, ಒಂದು ಮನೆಯ ಹದವನ್ನು ಸಾವಿರ ಮನೆಗಳಿಗೆ ಒದಗಿಸಲು ದಾರಿಯಾಗುತ್ತದೆ.

ಇನ್ನು ತೊಗರಿ. ಇದರ ಸಿಪ್ಪೆಯು ಗೋಂದಿನಂತಹ ಪದಾರ್ಥದಿಂದ ಬೇಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎಣ್ಣೆ ಸವರಿಯೋ ನೀರಿನಲ್ಲಿ ನೆನೆಯಿಸಿಯೋ ಬಿಸಿಲಿಗೆ ಒಣಗಿಸಿ ಒಡೆಯುವ ಹಳೆಯ ಪದ್ಧತಿಯ ಉದ್ದೇಶ ಆ ಅಂಟನ್ನು ಬಿಡಿಸುವುದೇ. ಆದರೂ 100 ಸೇರು ತೊಗರಿಗೆ ಸುಮಾರು 70 ಸೇರು ಬೇಳೆ ದೊರೆತರೆ ಹೆಚ್ಚು. ಉಳಿದುದರಲ್ಲಿ ಸಿಪ್ಪೆಯೊಡನೆ ಒಳ್ಳೆಯ ಬೇಳೆಯೂ ನುಚ್ಚಾಗಿ ಹುಡಿಯಾಗಿ ಹೋಗುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸುವ ಕ್ರಮವನ್ನು ರೂಪಿಸಿ, ಬೇಳೆಯ ಇಳುವರಿಯನ್ನು ನೂರಕ್ಕೆ ಸುಮಾರು 80ಕ್ಕೆ ಏರಿಸಿದರು. ಬಿಸಿಲಿಗಾಗಿ ಕಾಯುವ ತೊಂದರೆಯೂ ತಪ್ಪಿತು. ತೊಗರಿ ಬೆಳೆಯುವ ಸೀಮೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿದ್ಯೆ ಯಾವುದಿದ್ದೀತು?

ಲಾಭಕ್ಕಿಂತ ದೊಡ್ಡದು ಪ್ರಾಣ. 1995ರಲ್ಲಿ ಕೊಯ್ಲಿನ ಕಾಲದ ಮಳೆಗೆ ಸಿಕ್ಕಿ ಬೂಜು ಹಿಡಿದ ಜೋಳವನ್ನೂ ಮೆಕ್ಕೆಜೋಳವನ್ನೂ ರೊಟ್ಟಿ ಮಾಡಿ ಉಂಡು, ದಖ್ಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳ ಬಡವರು ಹೊಟ್ಟೆನೋವಿನಿಂದಲೂ ಭೇದಿಯಿಂದಲೂ ನರಳಿದರು. ಬೂಜಿನಿಂದ ಹುಟ್ಟುವ ಫ್ಯುಮೊನಿಸಿನ್ ಎಂಬ ವಿಷವು ಇದಕ್ಕೆ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. ಒಲೆಯ ಕಾವಿಗೆ ಆ ವಿಷವು ಸುಲಭವಾಗಿ ಅಳಿಯದು. ಎಷ್ಟು ಕೈಗುಣವುಳ್ಳ ತಾಯಿಯಾದರೂ ಅದನ್ನು ಕಣ್ಣಿನಿಂದ ಅಳೆಯಲಾರಳು. ಅಳೆಯಲು ಕಲಿತವರು ನಮ್ಮೊಳಗೇ ಇರಬೇಡವೆ?

ಈ ವಿದ್ಯೆಗೆ ಸರಕಾರದ ವಿಶ್ವವಿದ್ಯಾನಿಲಯಗಳ ಬಾಗಿಲು ತೆರೆದಿದೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆಹಾರವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ. ಬೀದರಿನಲ್ಲಿಯೇ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೇಂದ್ರವಿದೆ. ಅದಕ್ಕೆ ಸೇರಿದ ಹೈನು ವಿಜ್ಞಾನ ಕಾಲೇಜು ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ದಾರಿಯ ಮಹಾಗಾಂವ್ ಕ್ರಾಸಿನಲ್ಲಿದೆ. ಸಂವಿಧಾನದ 371(ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಪ್ರವೇಶದಲ್ಲಿ ಮೀಸಲಾತಿಯುಂಟು. ಅದರ ಅರ್ಹತಾ ಪ್ರಮಾಣಪತ್ರವನ್ನು ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಓದು ಸುಲಭವೆಂದು ನಾವು ಹೇಳುವುದಿಲ್ಲ. ಅಲ್ಲಿ ಒಲೆಯ ಮುಂದಿನ ಕೆಲಸಕ್ಕಿಂತ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಗಣಿತ ಇವುಗಳ ಶ್ರಮವೇ ಅಧಿಕ. ಕನ್ನಡ ಶಾಲೆಯಿಂದ ಹೋದ ಮಕ್ಕಳಿಗೆ ಮೊದಲ ವರ್ಷ ಇಂಗ್ಲಿಷಿನ ಪಾಠಗಳು ಬೆಟ್ಟದಂತೆ ತೋರುವುವು. ನೂರಾರು ಮಂದಿಯ ನಡುವೆ ಹಳ್ಳಿಯ ಮಗುವಿಗೆ ಒಂಟಿತನವೂ ಕಾಡೀತು. ಆಗ “ಮೊದಲೇ ಹೇಳಿದ್ದೆವಲ್ಲ” ಎಂದು ಚುಚ್ಚದೆ ಧೈರ್ಯ ಹೇಳುವುದು ಹೆತ್ತವರ ಧರ್ಮ. ಓದು ಮುಗಿಸಿದವರಿಗೆ ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ಕೆಲಸವುಂಟು. 2006ರ ಆಹಾರ ಸುರಕ್ಷತಾ ಕಾನೂನಿನ ಮೇರೆಗೆ ನೇಮಕವಾಗುವ ಅಧಿಕಾರಿಗಳ ಹುದ್ದೆಗೂ ಆಹಾರ ತಂತ್ರಜ್ಞಾನದ ಪದವಿ ಅರ್ಹತೆಯಾಗಿದೆ.

ಆದುದರಿಂದ ಮಕ್ಕಳನ್ನು ತಡೆಯುವ ಮೊದಲು ಹಿರಿಯರು ಅವರೊಡನೆ ಕುಳಿತು ಒಮ್ಮೆ ಕೇಳಿರಿ: ನಮ್ಮ ಹೊಲದ ತೊಗರಿ ಎಷ್ಟಕ್ಕೆ ಮಾರಿತು, ಅಂಗಡಿಯ ಬೇಳೆಗೆ ನಾವು ಎಷ್ಟು ಕೊಟ್ಟೆವು, ಈ ಎರಡರ ನಡುವಿನ ಹಣ ಯಾರ ವಿದ್ಯೆಗೆ ಸಂದಿತು? ಅದರ ಲೆಕ್ಕವನ್ನು ಹಾಕಬಲ್ಲ ಮಗುವನ್ನು ಓದಿಗೆ ಕಳುಹಿಸಲು ಹಿಂಜರಿಯಬೇಕಾಗಿಲ್ಲ.